ಸುದ್ದಿಪತ್ರ ಎಲ್ಲರ ಮನೆಗೂ ಹೋಗುತ್ತದೆ, ಬರುವವರು ಮಾತ್ರ ಅದೇ ಕೆಲವರು: ಏನು ಮಾಡಬೇಕು?

ಪ್ರಶ್ನೆ: ನಮ್ಮದು ಸಮನ್ವಯ ಶಿಕ್ಷಣದ ಪ್ರಾಥಮಿಕ ಶಾಲೆ. ಪ್ರತಿ ತರಗತಿಯಲ್ಲೂ ವಿಶೇಷ ಅಗತ್ಯವುಳ್ಳ ಇಬ್ಬರು ಮೂವರು ಮಕ್ಕಳು ಉಳಿದವರ ಜೊತೆಯಲ್ಲೇ ಕಲಿಯುತ್ತಾರೆ. ವಸಂತದ ಸುದ್ದಿಪತ್ರ ತರುವ ಹೊಣೆ ಈ ವರ್ಷ ನನ್ನ ಹೆಗಲಿಗೆ ಬಂದಿದೆ. ಕ್ರೀಡಾದಿನ, ಕೈತೋಟದ ದಿನ, ತರಗತಿಯ ಪ್ರದರ್ಶನ, ಪೋಷಕರ ಸಭೆ ಎಲ್ಲವೂ ಈ ಎರಡು ತಿಂಗಳಲ್ಲೇ ಇವೆ. ಪತ್ರ ಎಲ್ಲ ಮನೆಗೂ ಹೋಗುತ್ತದೆ, ಬರುವವರು ಪ್ರತಿ ಸಲ ಅದೇ ಕೆಲವರು. ವಿಶೇಷ ಅಗತ್ಯವುಳ್ಳ ಮಕ್ಕಳ ಮನೆಯವರಂತೂ ಮಗುವಿನ ಯೋಜನೆಯ ಸಭೆ (ಆ ಮಗು ಏನು, ಹೇಗೆ ಕಲಿಯಬೇಕೆಂದು ಮನೆಯವರ ಜೊತೆ ಕೂತು ಗೊತ್ತುಮಾಡುವ ಸಭೆ) ಬಿಟ್ಟರೆ ಬೇರೆ ಯಾವುದಕ್ಕೂ ಕಾಣಿಸಿಕೊಳ್ಳುವುದಿಲ್ಲ. ಅವರಿಗೆ ಆಸಕ್ತಿ ಇಲ್ಲವೋ, ನಾವು ಕರೆಯುವ ರೀತಿಯಲ್ಲೇ ಕೊರತೆಯೋ?

ಉತ್ತರ: ಕೊರತೆ ಕರೆಯುವ ರೀತಿಯಲ್ಲಿದೆ. ಆಸಕ್ತಿ ಇಲ್ಲದವರು ಯೋಜನೆಯ ಸಭೆಗೂ ಬರುತ್ತಿರಲಿಲ್ಲ. ಆ ಸಭೆಗೆ ಯಾಕೆ ಬರುತ್ತಾರೆ ನೋಡಿ. ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ, ಯಾರು ಯಾರು ಇರುತ್ತಾರೆ, ಯಾವಾಗ ಮುಗಿಯುತ್ತದೆ, ತಾವು ಮಾಡಬೇಕಾದ್ದೇನು ಎಂಬುದೆಲ್ಲ ಅವರಿಗೆ ಮೊದಲೇ ಗೊತ್ತಿರುತ್ತದೆ. ಕ್ರೀಡಾದಿನದ ಬಗ್ಗೆ ಗೊತ್ತಿರುವುದು ತಾರೀಖು ಮತ್ತು ‘ಎಲ್ಲರಿಗೂ ಆದರದ ಸ್ವಾಗತ’ ಎಂಬ ಸಾಲು, ಅಷ್ಟೇ.

ವೀಲ್‌ಚೇರ್ ಬಳಸುವ ಮಗುವಿನ ಮನೆಯವರು ಹೊರಡುವ ಮುಂಚೆ ದಾರಿ, ಗೇಟು, ಶೌಚಾಲಯದ ಲೆಕ್ಕ ಹಾಕಲೇಬೇಕು. ಗದ್ದಲ ತಡೆಯಲಾಗದ ಮಗುವಿನ ತಾಯಿಗೆ ಧ್ವನಿವರ್ಧಕ ಎಲ್ಲಿದೆ, ಮಗು ಕಂಗಾಲಾದರೆ ಎಲ್ಲಿಗೆ ಕರೆದೊಯ್ಯಬೇಕು ಎಂಬ ಚಿಂತೆ. ಪತ್ರದಲ್ಲಿ ಉತ್ತರವಿಲ್ಲದಿದ್ದರೆ ಪ್ರತಿ ಸಲ ಫೋನ್ ಮಾಡಿ ಕೇಳಬೇಕು. ಹೀಗೆ ಕೇಳುವುದೆಂದರೆ ‘ನಮ್ಮಿಂದ ಇವರಿಗೆ ತೊಂದರೆ’ ಎಂಬ ಸಂಕೋಚ. ಕೊನೆಗೆ ಕೇಳುವುದನ್ನು ಬಿಡುತ್ತಾರೆ, ಜೊತೆಗೆ ಬರುವುದನ್ನೂ. ಆದ್ದರಿಂದ ಸುದ್ದಿಪತ್ರದ ಮೊದಲ ಕೆಲಸ ಆ ಪ್ರಶ್ನೆಗಳಿಗೆ ಯಾರೂ ಕೇಳುವ ಮೊದಲೇ ಉತ್ತರ ಕೊಡುವುದು. ಸುದ್ದಿ ಆಮೇಲೆ.

ಸಾಮಾನ್ಯವಾಗಿ ಅಚ್ಚಾಗುವುದು ಹೀಗೆ: ‘ಶುಕ್ರವಾರ ಬೆಳಿಗ್ಗೆ ಕ್ರೀಡಾದಿನ. ಎಲ್ಲ ಪೋಷಕರೂ ತಪ್ಪದೆ ಬಂದು ಮಕ್ಕಳನ್ನು ಹುರಿದುಂಬಿಸಬೇಕಾಗಿ ವಿನಂತಿ.’

ಅಚ್ಚಾಗಬೇಕಾದ್ದು ಹೀಗೆ: ‘ಕ್ರೀಡಾದಿನ: ಶುಕ್ರವಾರ 9.30ರಿಂದ 11.30. ಮೊದಲ 15 ನಿಮಿಷ ಡ್ರಮ್ ಮತ್ತು ಧ್ವನಿವರ್ಧಕದ ಸದ್ದು ಜೋರಾಗಿರುತ್ತದೆ. ಗದ್ದಲ ಬೇಡವೆನ್ನುವವರು 9.45ಕ್ಕೆ ಹಿಂದಿನ ಗೇಟಿನಿಂದ ಬನ್ನಿ. ಆ ಗೇಟಿನಿಂದ ಮೈದಾನದವರೆಗೆ ಮೆಟ್ಟಿಲಿಲ್ಲ. ಕೊನೆಯ 15 ಮೀಟರ್ ಮಾತ್ರ ಹುಲ್ಲು, ಸ್ವಲ್ಪ ಏರುಪೇರು. ವೀಲ್‌ಚೇರ್ ಒಳಗೆ ಹೋಗುವ ಶೌಚಾಲಯ ಕಚೇರಿಯ ಪಕ್ಕದಲ್ಲಿದೆ. ನೆರಳಿನಲ್ಲಿ ಕುರ್ಚಿ ಹಾಕಿರುತ್ತೇವೆ. ಗ್ರಂಥಾಲಯ ಪೂರ್ತಿ ಹೊತ್ತು ತೆರೆದಿರುತ್ತದೆ. ಅಲ್ಲಿ ಸದ್ದಿಲ್ಲ, ಒಬ್ಬ ಶಿಕ್ಷಕಿ ಇರುತ್ತಾರೆ. ಸನ್ನೆ ಭಾಷೆಯ ದುಭಾಷಿ ಬೇಕಿದ್ದರೆ ಮೂರು ವಾರ ಮೊದಲು ತಿಳಿಸಿ. ಅಜ್ಜ ಅಜ್ಜಿ, ಅಣ್ಣ ತಂಗಿಯರನ್ನೂ ಕರೆತನ್ನಿ. ನಡುವೆ ಎದ್ದು ಹೋಗಬೇಕಾದರೆ ಹೋಗಬಹುದು, ಯಾರಿಗೂ ಹೇಳಬೇಕಿಲ್ಲ.’

ಕೊನೆಯ ಆ ಸಾಲನ್ನು ಜಾಗ ಸಾಲದೆಂದು ತೆಗೆಯಬೇಡಿ. ಅರ್ಧಕ್ಕೆ ಹೊರಟರೆ ನಾಲ್ಕು ಜನ ತಿರುಗಿ ನೋಡುತ್ತಾರೆಂಬ ಅಳುಕು ಹಲವರನ್ನು ಮನೆಯಲ್ಲೇ ಕೂರಿಸಿರುತ್ತದೆ.

ಇಲ್ಲಿ ಎಡವುವುದು ಒಂದೇ ಕಡೆ: ನೋಡದೆ ಬರೆಯುವುದು. ಪತ್ರ ಅಚ್ಚಿಗೆ ಹೋಗುವ ಮೊದಲು ಟೇಪು ಹಿಡಿದು, ಸಾಧ್ಯವಾದರೆ ಒಂದು ವೀಲ್‌ಚೇರ್ ತಳ್ಳಿಕೊಂಡು, ಗೇಟಿನಿಂದ ಮೈದಾನಕ್ಕೆ, ಅಲ್ಲಿಂದ ಶೌಚಾಲಯಕ್ಕೆ ನಡೆದು ಬನ್ನಿ. ಬಾಗಿಲು ತೆರೆದಾಗ ಸಿಗುವ ಅಗಲ ಕನಿಷ್ಠ 80 ಸೆಂ.ಮೀ. ಇರಬೇಕು; 90 ಇದ್ದರೆ ನೆಮ್ಮದಿ. ವೀಲ್‌ಚೇರ್ ಪೂರ್ತಿ ತಿರುಗಲು ಸುಮಾರು 150 ಸೆಂ.ಮೀ. ಜಾಗ ಬೇಕು. ಇಳಿಜಾರು ಹಲಗೆ ಹಾಕುವುದಾದರೆ ಪ್ರತಿ 10 ಸೆಂ.ಮೀ. ಎತ್ತರಕ್ಕೆ 1.2 ಮೀಟರ್ ಉದ್ದ. ಅದಕ್ಕಿಂತ ಗಿಡ್ಡವಾದರೆ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವಿದೆ. ವಿಕಲಚೇತನರ ಶೌಚಾಲಯ ಎಂದು ಫಲಕವಿರುವ ಕೋಣೆಯಲ್ಲಿ ಪೊರಕೆ, ಬಕೆಟ್ಟು, ಮುರಿದ ಮೇಜು ತುಂಬಿ ಬೀಗ ಹಾಕಿರುವುದು ಹೊಸ ಸಂಗತಿಯೇನಲ್ಲ. ಬೀಗದ ಕೈ ಯಾರ ಹತ್ತಿರ ಎಂದು ಅವತ್ತು ಹುಡುಕುವಂತಾಗಬಾರದು. ಯಾವುದಾದರೂ ಸೌಲಭ್ಯ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ. ಮನೆಯವರು ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಳ್ಳುತ್ತಾರೆ. ಇದೆಯೆಂದು ನಂಬಿ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವರು ಮತ್ತೆ ಬರುವುದಿಲ್ಲ.

ದುಭಾಷಿಯ ವಿಷಯದಲ್ಲಿ ಒಂದು ಮಾತು. ಕಾರ್ಯಕ್ರಮ ಒಂದು ಗಂಟೆ ದಾಟುವುದಾದರೆ ಇಬ್ಬರು ಬೇಕು, ಸುಮಾರು 20 ನಿಮಿಷಕ್ಕೊಮ್ಮೆ ಅವರು ಬದಲಾಗುತ್ತಾರೆ. ಮಾತಾಡುವವರ ಪಕ್ಕದಲ್ಲೇ, ಮುಖಕ್ಕೆ ಬೆಳಕು ಬೀಳುವ ಕಡೆ ನಿಲ್ಲಿಸಿ. ಹಿಂದೆ ಕಿಟಕಿ ಇದ್ದರೆ ಕೈಗಳು ಬರೀ ನೆರಳಾಗಿ ಕಾಣುತ್ತವೆ.

ಪತ್ರದ ರೂಪ

ನಾಲ್ಕು ಪುಟ ಬೇಡ, ಎರಡು ಸಾಕು. ಮೊದಲ ಪುಟದಲ್ಲಿ ತಾರೀಖುಗಳು ಮತ್ತು ಮನೆಯವರು ಮಾಡಬೇಕಾದ ಕೆಲಸ, ಎರಡನೆಯದರಲ್ಲಿ ಮಕ್ಕಳ ಸುದ್ದಿ. ಮುಖ್ಯೋಪಾಧ್ಯಾಯರ ಸಂದೇಶ ಮೊದಲ ಪುಟದ ಅರ್ಧ ನುಂಗುವ ಪದ್ಧತಿ ಇದ್ದರೆ ಅದನ್ನು ವಿನಯದಿಂದಲೇ ಹಿಂದಕ್ಕೆ ಕಳಿಸಿ.

ಅಕ್ಷರದ ಗಾತ್ರ 14 ಪಾಯಿಂಟ್, ದೊಡ್ಡಕ್ಷರದ ಪ್ರತಿ ಬೇಕೆಂದವರಿಗೆ 18. ಹಳದಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ, ಹೂವಿನ ಚಿತ್ರದ ಮೇಲೆ ಬರಹ, ಇವು ವಸಂತ ಸಂಚಿಕೆಯ ಹಳೆಯ ಚಟ. ಅಂತರಜಾಲದ ಸುಲಭ ಬಳಕೆಯ ಮಾನದಂಡದ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅಂತರ ಕನಿಷ್ಠ 4.5:1 ಇರಬೇಕು. ಅಳೆಯುವ ಗೋಜು ಬೇಡವೆಂದರೆ ಬಿಳಿಯ ಮೇಲೆ ಕಪ್ಪು.

ಫೋನಿಗೆ ಕಳಿಸುವ ಪ್ರತಿಯಲ್ಲಿ ದೊಡ್ಡ ತಪ್ಪಾಗುವುದು ಮುದ್ರಿತ ಪುಟದ ಫೋಟೊ ತೆಗೆದು ಕಳಿಸಿದಾಗ. ದೃಷ್ಟಿದೋಷವುಳ್ಳ ಪೋಷಕರ ಫೋನಿನಲ್ಲಿ ಬರಹವನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರಿಗೆ ಅದು ಬರೀ ಚಿತ್ರ, ಓದಿ ಹೇಳಲು ಅಕ್ಷರವೇ ಇಲ್ಲ. ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ ಕಡತವೂ ಅಷ್ಟೇ. ಕಣ್ಣಿಗೆ ಕನ್ನಡ, ಸ್ಕ್ರೀನ್ ರೀಡರ್ ಓದುವಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಯೂನಿಕೋಡಿನಲ್ಲೇ ಟೈಪ್ ಮಾಡಿ, ಪಠ್ಯವಾಗಿಯೇ ಕಳಿಸಿ. ಫೋಟೊ ಇದ್ದರೆ ಕೆಳಗೆ ಒಂದು ಸಾಲಿನ ವಿವರ ಇರಲಿ. ಜೊತೆಗೆ ಮೊದಲ ಪುಟವನ್ನು ಯಾರಾದರೂ ಸ್ಪಷ್ಟವಾಗಿ ಓದಿ ಮೂರು ನಿಮಿಷದ ಧ್ವನಿಸಂದೇಶ ಮಾಡಲಿ. ಕಣ್ಣು ಕಾಣದವರಿಗೆಂದು ಮಾಡಿದ ಇದನ್ನು ಓದು ಬಾರದ ಅಜ್ಜಿಯೂ ಕೇಳುತ್ತಾರೆ, ಪಾಳಿ ಮುಗಿಸಿ ಬರುವ ಅಪ್ಪನೂ ಕೇಳುತ್ತಾರೆ. ಮನೆಭಾಷೆ ಬೇರೆಯಿರುವ ಕುಟುಂಬಗಳಿದ್ದರೆ ಆ ಭಾಷೆಯಲ್ಲೂ ಮೊದಲ ಪುಟ ಬೇಕು. ಮಗುವಿನ ಕೈಯಲ್ಲೇ ಭಾಷಾಂತರ ಮಾಡಿಸಬೇಡಿ.

ಫೋಟೊಗೆ ಒಪ್ಪಿಗೆ ಕೇಳುವಾಗ ಮುದ್ರಿತ ಪತ್ರ, ಶಾಲೆಯ ಜಾಲತಾಣ, ಸಾಮಾಜಿಕ ಜಾಲ ಮೂರಕ್ಕೂ ಬೇರೆ ಬೇರೆ ಗುರುತು ಹಾಕಿಸಿ. ಕೆಲವು ಮಕ್ಕಳ ಚಿತ್ರ ಸುರಕ್ಷತೆಯ ಕಾರಣಕ್ಕೆ ಎಲ್ಲೂ ಬರಬಾರದು. ಹಾಗೆಂದು ಗುಂಪಿನಿಂದ ಒಂದು ಮಗುವನ್ನು ಪಕ್ಕಕ್ಕೆ ಸರಿಸಿ ಕ್ಲಿಕ್ಕಿಸುವುದು ಕ್ರೂರ. ಕೈಗಳ, ಬಿತ್ತಿದ ಕುಂಡಗಳ, ಮಕ್ಕಳ ಚಿತ್ರಕಲೆಯ ಫೋಟೊ ತೆಗೆಯಿರಿ. ಸುದ್ದಿಯಲ್ಲಿ ರೋಗನಿರ್ಣಯದ ಹೆಸರು ಬರಬಾರದು. ‘ತನ್ನ ಅಂಗವೈಕಲ್ಯವನ್ನು ಮೆಟ್ಟಿ ನಿಂತು ಹಾಡಿದ’ ಎಂಬ ವಾಕ್ಯವೂ ಬೇಡ. ಹಾಡಿದ, ಅಷ್ಟೇ. ಯಾವ ಹಾಡು ಎಂದು ಬರೆಯಿರಿ.

ವಸಂತ ಸಂಚಿಕೆಯ ಹೊತ್ತಿಗೆ ಎರಡು ಜಾಗೃತಿ ದಿನಗಳು ಬರುತ್ತವೆ. ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ (21ನೇ ಕ್ರೋಮೋಸೋಮಿನ ಮೂರು ಪ್ರತಿಗಳಿರುವುದರಿಂದ ಮೂರನೇ ತಿಂಗಳ 21, ವಿಶ್ವಸಂಸ್ಥೆ 2012ರಿಂದ ಆಚರಿಸುತ್ತಿದೆ). ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ, 2008ರಿಂದ. ಅವತ್ತು ತರಗತಿಯಲ್ಲಿರುವ ಒಂದು ಮಗುವನ್ನು ಮುಂದೆ ನಿಲ್ಲಿಸಿ ಭಾಷಣ ಮಾಡುವುದು, ಕಣ್ಣಿಗೆ ಬಟ್ಟೆ ಕಟ್ಟಿ ಕುರುಡುತನದ ‘ಅನುಭವ’ ಕೊಡಿಸುವುದು ಎರಡೂ ಬೇಡ. ಹತ್ತು ನಿಮಿಷ ಕಣ್ಣು ಕಟ್ಟಿಸಿಕೊಂಡ ಮಗುವಿಗೆ ಉಳಿಯುವುದು ಭಯ ಮತ್ತು ಕನಿಕರ. ಬದಲಿಗೆ ಎಲ್ಲ ಮಕ್ಕಳಿಗೂ ಹತ್ತು ಸನ್ನೆಗಳನ್ನು ಕಲಿಸಿ, ಚಿತ್ರಫಲಕ ತೋರಿಸಿ ಮಾತಾಡುವ ಗೆಳೆಯನ ಜೊತೆ ಆಟವಾಡುವ ರೀತಿ ಹೇಳಿಕೊಡಿ. ಯಾವ ಮಗುವಿನ ಬಗ್ಗೆ ಏನೇ ಹೇಳುವುದಿದ್ದರೂ ಮೊದಲು ಮನೆಯವರ, ಮಗುವಿನ ಒಪ್ಪಿಗೆ ಬೇಕು.

ಕರೆಯುವುದಲ್ಲ, ಕೆಲಸ ಕೊಡುವುದು

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾಯ್ಸ್ ಎಪ್‌ಸ್ಟೈನ್ ಅವರು ಕುಟುಂಬದ ಪಾಲ್ಗೊಳ್ಳುವಿಕೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ: ಮಗುವನ್ನು ಬೆಳೆಸುವಲ್ಲಿ ಮನೆಗೆ ಬೆಂಬಲ, ಮನೆ ಶಾಲೆಗಳ ನಡುವೆ ಮಾತುಕತೆ, ಸ್ವಯಂಸೇವೆ, ಮನೆಯಲ್ಲಿ ಕಲಿಕೆ, ತೀರ್ಮಾನದಲ್ಲಿ ಪಾಲು, ಸಮುದಾಯದ ಜೊತೆ ಸಹಕಾರ. ಶಾಲೆಗೆ ಬಂದು ಕುರ್ಚಿಯಲ್ಲಿ ಕೂರುವುದು ಇದರಲ್ಲಿ ಎಷ್ಟು ಸಣ್ಣ ಭಾಗ ನೋಡಿ. ಹಾಜರಾತಿಯನ್ನೇ ಪಾಲ್ಗೊಳ್ಳುವಿಕೆಯೆಂದು ಎಣಿಸಿದರೆ ಹಗಲು ದುಡಿಯುವವರು, ಮನೆಯಲ್ಲಿ ಆರೈಕೆಗೆ ನಿಂತವರು ಎಲ್ಲ ‘ಬಾರದವರ’ ಪಟ್ಟಿಗೆ ಸೇರಿಬಿಡುತ್ತಾರೆ.

ಸಮನ್ವಯ ಶಾಲೆಯಲ್ಲಿ ಮನೆಯಿಂದಲೇ ಮಾಡಬಹುದಾದ ಕೆಲಸ ರಾಶಿ ಇದೆ. ಉದಾಹರಣೆಗೆ ಚಿತ್ರಕಾರ್ಡುಗಳು. ದಿನದ ವೇಳಾಪಟ್ಟಿಯನ್ನು ಚಿತ್ರಗಳಲ್ಲಿ ನೋಡುವ ಮಕ್ಕಳಿಗೆ ಇವು ಕಿತ್ತು, ಹರಿದು, ಕಳೆದು ಹೋಗುತ್ತಲೇ ಇರುತ್ತವೆ. ಒಂದು ಲಕೋಟೆಯಲ್ಲಿ 20 ಚಿತ್ರ, ಲ್ಯಾಮಿನೇಶನ್ ಹಾಳೆ, ವೆಲ್ಕ್ರೊ ಬಿಲ್ಲೆಗಳು, ಮತ್ತು ಮುಖ್ಯವಾಗಿ ಪೂರ್ತಿ ಮಾಡಿದ ಒಂದು ಮಾದರಿ ಕಾರ್ಡು ಹಾಕಿ ಕಳಿಸಿ. ಲ್ಯಾಮಿನೇಟರ್ ಯಂತ್ರ ಮನೆಯಲ್ಲಿ ಇಲ್ಲದವರು ಕತ್ತರಿಸಿ ಜೋಡಿಸಿ ಕೊಡಲಿ, ಬಿಸಿ ಮಾಡುವುದು ಶಾಲೆಯಲ್ಲಿ ಆಗಲಿ. ಕ್ರಮ ಇದು: ಮೊದಲು ಚಿತ್ರಗಳನ್ನು 5 ಸೆಂ.ಮೀ. ಚೌಕಕ್ಕೆ ಕತ್ತರಿಸಬೇಕು, ಹಾಳೆಯೊಳಗೆ ಒಂದಕ್ಕೊಂದು 1 ಸೆಂ.ಮೀ. ಬಿಟ್ಟು ಜೋಡಿಸಬೇಕು, ಲ್ಯಾಮಿನೇಟ್ ಆದ ಮೇಲೆ ಸುತ್ತಲೂ 4 ಮಿ.ಮೀ. ಅಂಚು ಉಳಿಸಿ ಮತ್ತೆ ಕತ್ತರಿಸಬೇಕು. ಅವಸರದಲ್ಲಿ ಇಡೀ ಹಾಳೆ ಲ್ಯಾಮಿನೇಟ್ ಮಾಡಿ ಚಿತ್ರದ ಗೆರೆಗೇ ಕತ್ತರಿಸಿದರೆ ಅಂಚು ಬಿಟ್ಟುಕೊಂಡು, ಬಾಯಿಗೆ ಹಾಕುವ ಮಗುವಿದ್ದರಂತೂ ಬೇಗನೆ ಕಾಗದ ಪದರ ಪದರವಾಗಿ ಏಳುತ್ತದೆ. ಮೂಲೆಗಳನ್ನು ಗುಂಡಗೆ ಮಾಡಿ, ಚುಚ್ಚುತ್ತವೆ. ಹಾಳೆ ಹೊಳಪಿಲ್ಲದ್ದು ಇರಲಿ, ಹೊಳೆಯುವುದರಲ್ಲಿ ದೀಪದ ಬಿಂಬ ಕಾಣುತ್ತದೆಯೇ ಹೊರತು ಚಿತ್ರವಲ್ಲ. ವೆಲ್ಕ್ರೊದ ಒರಟು ಭಾಗ ಕಾರ್ಡಿಗೋ ಫಲಕಕ್ಕೋ ಎಂಬುದಕ್ಕೆ ಇಡೀ ಶಾಲೆಗೆ ಒಂದೇ ನಿಯಮ ಇರಬೇಕು. ಇಲ್ಲದಿದ್ದರೆ ಎರಡನೇ ತರಗತಿಯ ಕಾರ್ಡು ಮೂರನೇ ತರಗತಿಯ ಫಲಕಕ್ಕೆ ಅಂಟುವುದಿಲ್ಲ. ಮಾದರಿ ಕಾರ್ಡು ಕಳಿಸುವುದು ಇದಕ್ಕೇ.

ಹಾಗೆಯೇ ಕಥೆಯನ್ನು ಮನೆಮಾತಿನಲ್ಲಿ ಓದಿ ಫೋನಿನಲ್ಲಿ ಧ್ವನಿಮುದ್ರಿಸಿ ಕೊಡುವುದು. ಪುಟ ತಿರುಗಿಸುವಾಗ ‘ಪುಟ ತಿರುಗಿಸು’ ಎಂದು ಹೇಳಲಿ, ಚಿತ್ರದಲ್ಲಿ ಏನಿದೆ ಎಂದು ಒಂದು ಮಾತು ಸೇರಿಸಲಿ.

ತರಗತಿಗೇ ಬರುವ ಸ್ವಯಂಸೇವಕರಿಗೆ ಒಮ್ಮೆಗೆ 45 ನಿಮಿಷಕ್ಕಿಂತ ಹೆಚ್ಚು ಬೇಡ. ಬಾಗಿಲಲ್ಲೇ ಅವತ್ತಿನ ಕೆಲಸ ಬರೆದ ಚೀಟಿ ಕೊಡಿ. ಮಗು ತಡವರಿಸಿದರೆ ಮನಸ್ಸಿನಲ್ಲೇ ಹತ್ತು ಎಣಿಸಿ ಆಮೇಲೆ ನೆರವಿಗೆ ಹೋಗಬೇಕು. ಮಗುವಿನ ಜೊತೆಗೇ ಮಾತಾಡಬೇಕು, ಪಕ್ಕದ ಸಹಾಯಕರ ಜೊತೆಯಲ್ಲ. ಒಳಗೆ ಕಂಡದ್ದನ್ನು ಹೊರಗೆ ಆಡಬಾರದು. ಈ ಕೊನೆಯದನ್ನು ಬರಹದಲ್ಲಿ ಒಪ್ಪಿಸಿಕೊಳ್ಳಿ. ಸ್ವಂತ ಮಗುವಿನ ತರಗತಿಗೆ ಹಾಕದಿರುವುದು ಕ್ಷೇಮ.

ವಿಶೇಷ ಅಗತ್ಯವುಳ್ಳ ಮಕ್ಕಳ ತಂದೆ ತಾಯಿಯನ್ನು ಶಾಲೆಗಳು ಕರೆಯುವುದು ಬಹುಮಟ್ಟಿಗೆ ಆ ವಿಷಯಕ್ಕೆ ಮಾತ್ರ: ಮಗುವಿನ ತೊಂದರೆ ವಿವರಿಸಿ, ಜಾಗೃತಿ ದಿನಕ್ಕೆ ಮಾತಾಡಿ, ಪ್ರವಾಸಕ್ಕೆ ಮಗುವಿನ ಜೊತೆ ಬನ್ನಿ. ಅವರು ಯೋಜನೆಯ ಸಭೆ ಬಿಟ್ಟರೆ ಬರುವುದಿಲ್ಲ ಎಂದಿರಲ್ಲ, ಒಂದು ಕಾರಣ ಇಲ್ಲೇ ಇದೆ. ಲೆಕ್ಕಪತ್ರ ಬಲ್ಲವರನ್ನು ನಿಧಿಸಂಗ್ರಹದ ಲೆಕ್ಕಕ್ಕೆ ಕರೆಯಿರಿ, ಹೊಲಿಗೆ ಬಲ್ಲವರನ್ನು ನಾಟಕದ ಉಡುಪಿಗೆ. ಪೋಷಕರ ಸಮಿತಿಯಲ್ಲಿ ಒಂದು ಸ್ಥಾನವನ್ನು ‘ವಿಶೇಷ ಮಕ್ಕಳ ಪ್ರತಿನಿಧಿ’ ಎಂದು ಕಾದಿರಿಸಿ ಕೈತೊಳೆದುಕೊಳ್ಳಬೇಡಿ. ಖಜಾಂಚಿಯೂ ಅವರಾಗಬಹುದು. ವೈಯಕ್ತಿಕ ಪತ್ರವೋ ಫೋನೋ ಹೋಗಲಿ: ‘ಶನಿವಾರ ಎರಡು ಗಂಟೆ ಈ ಕೆಲಸಕ್ಕೆ ನೀವು ಬೇಕು’ ಎಂದು ಹೆಸರು ಹಿಡಿದು ಕೇಳಿದಾಗ ಬರುವವರು ‘ಆಸಕ್ತರು ಬರಬಹುದು’ ಎಂದಾಗ ಬರುವುದಿಲ್ಲ.

ಮೈದಾನದಲ್ಲಿ

ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ (2006) 24ನೇ ವಿಧಿ ಸಮನ್ವಯ ಶಿಕ್ಷಣವನ್ನು ಹಕ್ಕೆಂದು ಹೇಳುತ್ತದೆ. 2016ರಲ್ಲಿ ಅದರ ಸಮಿತಿ ಕೊಟ್ಟ ವಿವರಣೆಯ ಪ್ರಕಾರ, ಇದ್ದ ವ್ಯವಸ್ಥೆಯನ್ನು ಹಾಗೇ ಇಟ್ಟು ಮಗುವನ್ನು ಅದರೊಳಗೆ ತಂದು ಕೂರಿಸಿದರೆ ಅದು ಸಮನ್ವಯವಲ್ಲ, ವ್ಯವಸ್ಥೆಯೇ ಬದಲಾಗಬೇಕು. ಕ್ರೀಡಾದಿನದಲ್ಲಿ ಇದು ಕಣ್ಣಿಗೆ ಹೊಡೆದು ಕಾಣುತ್ತದೆ. ಎಲ್ಲರ ಓಟ ಮುಗಿದ ಮೇಲೆ ‘ಈಗ ವಿಶೇಷ ಮಕ್ಕಳ ಓಟ’ ಎಂದು ಘೋಷಿಸಿ ಎಲ್ಲರಿಗೂ ಪದಕ ಕೊಡುವುದನ್ನು ನೋಡಲು ಆ ಮಕ್ಕಳ ಮನೆಯವರೇಕೆ ಬರಬೇಕು?

ಆಟಗಳನ್ನೇ ಬೇರೆ ಆರಿಸಿ. ಬೋಚಿಯಾ 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ, ಕುಳಿತು ಆಡುವ ಆಟ. ಬಿಳಿಯ ಗುರಿಚೆಂಡು ಒಂದು, ಕೆಂಪು ಆರು, ನೀಲಿ ಆರು. ಗುರಿಚೆಂಡಿಗೆ ಹತ್ತಿರ ಎಸೆದವರಿಗೆ ಅಂಕ. ಅಂಕಣ 12.5 ಮೀಟರ್ ಉದ್ದ, 6 ಮೀಟರ್ ಅಗಲ. ಸಣ್ಣ ಮಕ್ಕಳಿಗೆ ಇದರ ಅರ್ಧ ಸಾಕು, ಸುಣ್ಣದ ಗೆರೆ ಎಳೆಯಿರಿ, ಚೆಂಡಿನ ಬದಲು ಕಾಳು ತುಂಬಿದ ಬಟ್ಟೆ ಚೀಲವೂ ಆಗುತ್ತದೆ. ಎಸೆಯಲಾಗದ ಮಗು ಇಳಿಜಾರು ಕೊಳವೆಯಿಂದ ಉರುಳಿಸಬಹುದು. ಆಗ ಚೆಂಡೇ ಬೇಕು. ಕೊಳವೆ ಹಿಡಿಯುವವರು ಪಂದ್ಯದ ನಿಯಮದಲ್ಲಿ ಅಂಕಣಕ್ಕೆ ಬೆನ್ನು ಹಾಕಿ ಕೂರಬೇಕು, ಎಲ್ಲಿಗೆ ಎಂಬ ತೀರ್ಮಾನ ಆಟಗಾರನದ್ದೇ. ನಿಮ್ಮ ಮೈದಾನದಲ್ಲೂ ಇದನ್ನು ಸಡಿಲಿಸಬೇಡಿ. ಪೋಷಕರ ತಂಡಗಳನ್ನೂ ಆಡಿಸಿ. ಕುರ್ಚಿ ಹಾಕಿಕೊಂಡು ಎಲ್ಲರೂ ಕುಳಿತೇ ಆಡಬೇಕು.

ಓಟಕ್ಕೆ ಸೀಟಿಯ ಜೊತೆಗೇ ಬಾವುಟವೂ ಇಳಿಯಲಿ, ಕಿವಿ ಕೇಳದ ಮಗು ಒಂದು ಕ್ಷಣವೂ ಹಿಂದುಳಿಯುವುದಿಲ್ಲ. ಸಂಜೆಯ ಪ್ರದರ್ಶನವಿದ್ದರೆ ಮಿನುಗು ದೀಪ ಬೇಡ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ಬೆಳಕು ಬೆಳಕಿನಿಂದ ಬರುವ ಮೂರ್ಛೆಗೆ ದಾರಿಯಾಗಬಹುದು. ಕೈತೋಟದ ದಿನಕ್ಕೆ ಎತ್ತರಿಸಿದ ಪಾತಿ ಒಂದಾದರೂ ಇರಲಿ: 60ರಿಂದ 75 ಸೆಂ.ಮೀ. ಎತ್ತರ, ಒಂದೇ ಬದಿಯಿಂದ ಕೈಹಾಕುವುದಾದರೆ 60 ಸೆಂ.ಮೀ.ಗಿಂತ ಅಗಲ ಬೇಡ. ಪರಾಗದ ಕಾಲ, ಆಸ್ತಮಾ ಇರುವ ಮಕ್ಕಳ ಇನ್‌ಹೇಲರ್ ತೋಟದಲ್ಲೇ ಇರಬೇಕು, ಕಚೇರಿಯ ಬೀರುವಿನಲ್ಲಲ್ಲ.

ಸಭೆ, ಮತ್ತು ಮುಂದಿನ ತರಗತಿ

ಯೋಜನೆಯ ಸಭೆಗೆ ಅವರು ಬರುತ್ತಿದ್ದಾರೆ ಎಂದು ಅದು ಚೆನ್ನಾಗಿದೆ ಎಂದುಕೊಳ್ಳಬೇಡಿ. ಒಬ್ಬ ತಾಯಿಯ ಎದುರು ಆರು ಜನ ಸಿಬ್ಬಂದಿ, ಸಿದ್ಧವಾಗಿ ಅಚ್ಚಾಗಿರುವ ಕಾಗದ, ‘ಇಲ್ಲಿ ಸಹಿ ಹಾಕಿ’. ಕರಡನ್ನು ಒಂದು ವಾರ ಮೊದಲೇ ಕಳಿಸಿ, ಜೊತೆಗೆ ಮನೆಯವರು ತುಂಬುವ ಒಂದು ಹಾಳೆ: ಮಗು ಮನೆಯಲ್ಲಿ ತಾನಾಗಿಯೇ ಏನು ಮಾಡುತ್ತದೆ, ಈ ವರ್ಷ ನಿಮ್ಮನ್ನು ಕಾಡಿದ್ದೇನು, ಮುಂದಿನ ವರ್ಷ ಏನು ಕಲಿತರೆ ಮನೆಯ ಬದುಕು ಸುಲಭವಾಗುತ್ತದೆ. ಸಭೆ ಆ ಹಾಳೆಯಿಂದಲೇ ಶುರುವಾಗಲಿ. ಗುರಿಗಳು ಅಳೆಯುವಂತಿರಲಿ. ‘ಓದು ಸುಧಾರಿಸಬೇಕು’ ಗುರಿಯಲ್ಲ. ‘ಒತ್ತಕ್ಷರವಿಲ್ಲದ 20 ಪದಗಳಲ್ಲಿ 15ನ್ನು ಸಹಾಯವಿಲ್ಲದೆ ಓದಬೇಕು, ವಾರಕ್ಕೆ ಮೂರು ದಿನ 15 ನಿಮಿಷ, ಹೇಳಿಕೊಡುವವರು ಇಂಥವರು, ಆರು ವಾರಕ್ಕೆ ಪರೀಕ್ಷಿಸುವುದು’ ಎಂದರೆ ಗುರಿ.

ಯೋಜನೆಯ ಸಭೆಯಲ್ಲದೆ ಎಲ್ಲ ಮಕ್ಕಳಿಗೂ ನಡೆಯುವ ಪೋಷಕರ ಸಭೆಯನ್ನು ಮಗುವೇ ನಡೆಸಲಿ, 20 ನಿಮಿಷ. ತಾನು ಆರಿಸಿದ ಮೂರು ಕೆಲಸ ತೋರಿಸಿ ಯಾವುದು ಕಷ್ಟವಾಯಿತು ಎಂದು ಹೇಳುತ್ತದೆ. ಮಾತಾಡದ ಮಗುವಿಗೂ ಇದೇ ಸಭೆ: ಚಿತ್ರಫಲಕದಲ್ಲೋ ಟ್ಯಾಬಿನಲ್ಲೋ ಆರೆಂಟು ವಾಕ್ಯ ಮೊದಲೇ ಹಾಕಿಡಿ, ಎರಡು ನಿಮಿಷದ ವಿಡಿಯೊ ತೋರಿಸಲಿ. ಅಭ್ಯಾಸಕ್ಕೆ ಒಂದು ವಾರ ಬೇಕು. ಅಭ್ಯಾಸವಿಲ್ಲದೆ ಕೂರಿಸಿದರೆ ಶಿಕ್ಷಕಿಯೇ ಮಾತಾಡಿ ಮುಗಿಸುತ್ತಾರೆ.

ವಸಂತ ಸಂಚಿಕೆಯಲ್ಲಿ ಮರೆತುಹೋಗುವ ಸುದ್ದಿಯೆಂದರೆ ಮುಂದಿನ ವರ್ಷದ್ದು. ಯಾವ ಕೋಣೆ, ಯಾವ ಶಿಕ್ಷಕರು ಎಂಬುದು ರಜೆಯ ಕೊನೆಗೆ ಗೊತ್ತಾದರೆ ಬದಲಾವಣೆ ಸಹಿಸದ ಮಗುವಿನ ಮನೆಯಲ್ಲಿ ಇಡೀ ರಜೆ ಅದೇ ಪ್ರಶ್ನೆ. ಹೆಸರು ನಿರ್ಧಾರವಾದ ಕೂಡಲೇ ತಿಳಿಸಿ. ಹೊಸ ಕೋಣೆಯ ಬಾಗಿಲು, ಚೀಲ ಇಡುವ ಜಾಗ, ಶೌಚಾಲಯ, ಶಿಕ್ಷಕರ ಮುಖ ಇವುಗಳ ಫೋಟೊಗಳ ಎಂಟು ಪುಟದ ಪುಸ್ತಿಕೆ ಮಾಡಿ ಮನೆಗೆ ಕಳಿಸಿ, ರಜೆಯಲ್ಲಿ ಓದಿಕೊಳ್ಳಲಿ. ಪುಸ್ತಿಕೆಯಲ್ಲಿ ಹಸಿರು ಬಾಗಿಲಿದ್ದು ರಜೆಯಲ್ಲಿ ಬಣ್ಣ ಬದಲಾಯಿಸಿದರೆ ಹೊಸ ಫೋಟೊ ಕಳಿಸಲು ಮರೆಯಬೇಡಿ. ಮಗುವಿನ ಬಗ್ಗೆ ಒಂದು ಪುಟವನ್ನು ಮನೆಯವರು ಬರೆಯಲಿ: ಇವನಿಗೆ ಏನಿಷ್ಟ, ಯಾವುದು ಮುಖ್ಯ, ಸಿಟ್ಟು ಬರುವ ಮೊದಲು ಯಾವ ಲಕ್ಷಣ ಕಾಣುತ್ತದೆ, ಆಗ ಏನು ಮಾಡಿದರೆ ಸಮಾಧಾನ. ಈಗಿನ ಶಿಕ್ಷಕಿ ಎರಡು ಸಾಲು ಸೇರಿಸಲಿ. ಅದು ಕಡತಕ್ಕೆ ಸೇರಿದರೆ ಯಾರೂ ಓದುವುದಿಲ್ಲ. ರಜೆಗೆ ಮುಂಚಿನ ವಾರದಲ್ಲೇ ಹೊಸ ಶಿಕ್ಷಕರನ್ನೂ ಮನೆಯವರನ್ನೂ ಹತ್ತು ನಿಮಿಷ ಒಟ್ಟಿಗೆ ಕೂರಿಸಿ, ಅಲ್ಲೇ ಕೈಗೆ ಕೊಡಿಸಿ.